ನಾವು ತಗ್ಗಿನವರಾ?

2024ರ ಅಕ್ಟೋಬರ್. ಒಂದು ವಾರದಿಂದ ಮಳೆ ಬಿಟ್ಟಿರಲಿಲ್ಲ. ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಜನರನ್ನು ದೋಣಿಯಲ್ಲಿ ಹೊರಗೆ ಕರೆತಂದಿದ್ದನ್ನು ಆಗ ಟಿವಿಯಲ್ಲಿ ನೀವೂ ನೋಡಿರುತ್ತೀರಿ. ನಮ್ಮ ಬಡಾವಣೆ ಅಲ್ಲಿಂದ ತುಂಬಾ ದೂರ ಏನಲ್ಲ. ಮೇಲ್ಗಡೆ ಒಂದು ಕೆರೆ, ಬೀದಿಯ ಕೊನೆಯಲ್ಲಿ ರಾಜಕಾಲುವೆ, ನಡುವೆ ನಾವು ಮೂವತ್ತು ಚಿಲ್ಲರೆ ಮನೆಯವರು. ರಾತ್ರಿ ಒಂಬತ್ತೂವರೆ ಇರಬೇಕು. ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಒಂದು ಜೀಪು ನಿಧಾನಕ್ಕೆ ಬೀದಿಗೆ ಬಂತು. ಮೈಕಿನಲ್ಲಿ ಒಬ್ಬರು ಓದುತ್ತಿದ್ದರು: "ತಗ್ಗು ಪ್ರದೇಶದ ನಿವಾಸಿಗಳು ಕೂಡಲೇ ಸುರಕ್ಷಿತ ಸ್ಥಳಗಳಿಗೆ ತೆರಳಬೇಕಾಗಿ ವಿನಂತಿ." ಎರಡು ಸಲ ಹೇಳಿ, ಬೀದಿಯ ಕೊನೆಯಲ್ಲಿ ತಿರುಗಿಸಿಕೊಂಡು ಜೀಪು ಹೊರಟುಹೋಯಿತು.

ಅತ್ತೆ ಕಿಟಕಿ ಹತ್ತಿರ ಕೂತಿದ್ದರು. ನನ್ನ ಕಡೆ ತಿರುಗಿ ಕೇಳಿದರು. "ನಾವು ತಗ್ಗಿನವರಾ?"

"ಇಲ್ಲಮ್ಮ, ಅದು ಹಿಂದಿನ ಬೀದಿಯವರಿಗೆ" ಅಂದರು ನಮ್ಮ ಯಜಮಾನರು. ಹಿಂದಿನ ಬೀದಿಯವರು ಅದೇ ಹೊತ್ತಿಗೆ ನಮ್ಮ ಬೀದಿಯನ್ನು ತೋರಿಸಿ ಅದೇ ಮಾತು ಹೇಳಿದ್ದರಂತೆ. ಆಮೇಲೆ ಗೊತ್ತಾಯಿತು.

ಮುಕ್ಕಾಲು ಗಂಟೆ ಆಗಿರಬಹುದು. ನೀರು ಬಾಗಿಲಿನಿಂದ ಬರುತ್ತೆ ಅಂತ ನಾನು ಅಂದುಕೊಂಡಿದ್ದೆ. ಬಂದಿದ್ದು ಬಚ್ಚಲಿನಿಂದ. ಮೋರಿ ಜಾಲರಿಯಿಂದ ಮೊದಲು ಗುಳುಗುಳು ಸದ್ದು, ಆಮೇಲೆ ಕಪ್ಪು ನೀರು, ಆಮೇಲೆ ಆ ವಾಸನೆ. ಮಗಳು "ಅಮ್ಮಾ, ಬಾತ್‌ರೂಮ್ ಉಕ್ತಿದೆ" ಅಂತ ಕೂಗಿದಳು. ನಾನು ಗೋಣಿಚೀಲ ತುರುಕೋಕೆ ನೋಡಿದೆ. ಅಷ್ಟರಲ್ಲಿ ಹಾಲಿನಲ್ಲಿ ಚಪ್ಪಲಿಗಳು ತೇಲುತ್ತಿದ್ದವು. ಯಜಮಾನರು ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು. ಸರಿ, ಇನ್ನು ಶಾಕ್ ಹೊಡೆಯಲ್ಲ ಅಂತ ನಾವೆಲ್ಲ ನೀರಿನಲ್ಲೇ ನಿಂತು ಟ್ರಂಕು ಎತ್ತುತ್ತಿದ್ದೆವು. ಎದುರು ಮನೆ ಅಂಕಲ್ ಲೈನ್‌ಮನ್ ಆಗಿ ರಿಟೈರ್ ಆದವರು. ಅವರು ಬಾಗಿಲಿಗೆ ಬಂದವರೇ ಜೋರಾಗಿ ಕಿರುಚಿದರು. "ಫ್ಯಾನ್ ತಿರುಗ್ತಾ ಇದೆಯಲ್ರೀ! ಯುಪಿಎಸ್! ಯುಪಿಎಸ್ ಆಫ್ ಮಾಡಿ!"

ತಲೆ ಎತ್ತಿ ನೋಡಿದೆ. ಹೌದು, ಮೇನ್ ಆಫ್ ಆಗಿದ್ದರೂ ಫ್ಯಾನ್ ಸುಮ್ನೆ ತಿರುಗುತ್ತಿತ್ತು. ಮೂಲೆಯಲ್ಲಿ ನೆಲದ ಮೇಲೇ ಇಟ್ಟಿದ್ದ ಯುಪಿಎಸ್‌ನ ಬ್ಯಾಟರಿಯ ಹೊಟ್ಟೆಯವರೆಗೆ ನೀರು ಬಂದಿತ್ತು, ಮೇಲಿನ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಆ ಹಸಿರು ದೀಪ ಈಗಲೂ ನನಗೆ ಕನಸಿನಲ್ಲಿ ಬರುತ್ತೆ.

ನನ್ನ ಹೊಟ್ಟೆಪಾಡು ಅನುವಾದ. ಕಾರ್ಖಾನೆಗಳ ಸುರಕ್ಷತಾ ಬೋರ್ಡು, ಅಪಾರ್ಟ್‌ಮೆಂಟ್ ಲಿಫ್ಟಿನ ಸೂಚನೆ, ಕರಪತ್ರ, ಕೈಪಿಡಿ, ಇಂಥವೇ ಜಾಸ್ತಿ. 'ತಗ್ಗು ಪ್ರದೇಶದ ನಿವಾಸಿಗಳು' ಅಂತ ನಾನೇ ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಇಂಗ್ಲಿಷಿನಲ್ಲಿ ಇರುವುದಕ್ಕೆ ಕನ್ನಡ ಹಾಕಿದೆ, ತಪ್ಪಿಲ್ಲ, ಬಿಲ್ ಕಳಿಸಿದೆ. ಆ ರಾತ್ರಿ ಅದೇ ಮಾತು ನನ್ನ ಮನೆ ಬಾಗಿಲಿಗೆ ಬಂದು ಹೋಯಿತು, ನನಗೆ ಅದು ಅರ್ಥವೇ ಆಗಲಿಲ್ಲ. ಅಂದಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಆಪತ್ತಿನ ಹೊತ್ತಿಗೆ ನಾವು ಇಟ್ಟುಕೊಂಡಿರುವ ಮಾತುಗಳು ಯಾರಿಗೆ ಹೇಳಿದ ಮಾತುಗಳು? ಕೇಳಿದವರು ಮುಂದಿನ ನಿಮಿಷದಲ್ಲಿ ಏನು ಮಾಡಬೇಕು ಅನ್ನುವುದು ಆ ಮಾತಿನಲ್ಲಿ ಇದೆಯಾ?

ತಗ್ಗು ಅನ್ನುವುದು ಹೋಲಿಕೆಯ ಮಾತು, ಅಲ್ವಾ? ಯಾವುದಕ್ಕಿಂತ ತಗ್ಗು? ಹುಟ್ಟಿ ಬೆಳೆದ ಹಳ್ಳಿಯಲ್ಲಾದರೆ ಹೊಳೆ ಯಾವ ಕಡೆ, ದಿಬ್ಬ ಯಾವ ಕಡೆ ಅಂತ ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ ಕೆರೆ ಅಂಗಳದ ಮೇಲೆ ಸೈಟು ಮಾಡಿ, ಕಾಲುವೆ ಮೇಲೆ ಚಪ್ಪಡಿ ಹಾಸಿ, ಡಾಂಬರು ಬಳಿದ ಮೇಲೆ ಏರು ಎಲ್ಲಿ, ಇಳಿಜಾರು ಎಲ್ಲಿ ಅಂತ ಕಣ್ಣಿಗೆ ಕಾಣುವುದೇ ಇಲ್ಲ. ಸ್ಕೂಟರ್ ಓಡಿಸುವವರಿಗೆ ಗೊತ್ತಾಗದಷ್ಟು ಸಣ್ಣ ಇಳಿಜಾರು ನೀರಿಗೆ ಗೊತ್ತಾಗುತ್ತೆ.

ಮೂರು ಬಣ್ಣ, ಒಂದೇ ಅಲರ್ಟ್

ಹವಾಮಾನ ಇಲಾಖೆಯ ಬಣ್ಣಗಳನ್ನೇ ತೆಗೆದುಕೊಳ್ಳಿ. ಅವರದ್ದು ನಾಲ್ಕು ಬಣ್ಣ. ಹಸಿರು ಬಂದರೆ ಏನೂ ಮಾಡಬೇಕಿಲ್ಲ. ಹಳದಿಗೆ ಅವರು ಇಟ್ಟಿರುವ ಹೆಸರು 'ವಾಚ್', ಗಮನಿಸುತ್ತಾ ಇರಿ ಅಂತ. ಕಿತ್ತಳೆಗೆ 'ಅಲರ್ಟ್', ಸಿದ್ಧವಾಗಿರಿ ಅಂತ. ಕೆಂಪಿಗೆ 'ವಾರ್ನಿಂಗ್', ಈಗ ಕ್ರಮ ತೆಗೆದುಕೊಳ್ಳಿ ಅಂತ. ನೋಡಿ, ಎಷ್ಟು ಚೆನ್ನಾಗಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಕೆಲಸ ಇದೆ. ಆದರೆ ಟಿವಿಯ ಪಟ್ಟಿಯಲ್ಲಿ ಓಡುವ ಹೊತ್ತಿಗೆ ಅದು ಯೆಲ್ಲೋ ಅಲರ್ಟ್, ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಆಗಿರುತ್ತೆ. ಮೂರಕ್ಕೂ ಅಲರ್ಟ್ ಒಂದೇ. ಶುದ್ಧ ಕನ್ನಡಕ್ಕೆ ತರುತ್ತೇವೆ ಅಂತ ಹೊರಟರೆ ಮೂರೂ 'ಎಚ್ಚರಿಕೆ'. ಇದರಲ್ಲಿ ನನ್ನ ಕೈಯೂ ಇದೆ. ಮೂರು ಬೇರೆ ಬೇರೆ ಕೆಲಸ ಹೇಳುವ ಮಾತುಗಳನ್ನು ಒಂದೇ ಮಾತಿಗೆ ಇಳಿಸಿದ ಮೇಲೆ ಉಳಿಯುವುದು ಬಣ್ಣ ಮಾತ್ರ. ನಮ್ಮ ಮನೆಯಲ್ಲಿ ಕಿತ್ತಳೆಗೆ ಇದ್ದ ಅರ್ಥ ಒಂದೇ: ನಾಳೆ ಸ್ಕೂಲಿಗೆ ರಜೆ ಇದೆಯೋ ಇಲ್ಲವೋ.

ಈಗ ನಾನು ಯಾರಿಗಾದರೂ ಹೇಳುವಾಗ ಬಣ್ಣದ ಹಿಂದೆ ಒಂದು ಕೆಲಸವನ್ನೂ ಸೇರಿಸಿ ಹೇಳುತ್ತೇನೆ. ಹಳದಿ, ನೋಡ್ತಾ ಇರಿ. ಕಿತ್ತಳೆ, ರೆಡಿ ಮಾಡ್ಕೊಳ್ಳಿ. ಕೆಂಪು, ಈಗಲೇ ಮಾಡಿ.

'ಭಾರಿ ಮಳೆ' ಅನ್ನುವುದಕ್ಕೂ ಒಂದು ಅಳತೆ ಇದೆ ಅಂತ ನನಗೆ ತುಂಬಾ ದಿನ ಗೊತ್ತಿರಲಿಲ್ಲ. ವರದಿಗಾರರು ಜೋರಾಗಿ ಹೇಳೋಕೆ ಬಳಸುವ ಮಾತು ಅಂದುಕೊಂಡಿದ್ದೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಅದು ಭಾರಿ ಮಳೆ. ಅಲ್ಲಿಂದ 204.4ರವರೆಗೆ ಅತಿ ಭಾರಿ. ಅದನ್ನೂ ದಾಟಿದರೆ ಅತ್ಯಂತ ಭಾರಿ. ಇದು ಇಲಾಖೆಯ ಲೆಕ್ಕ, ಸರಿಯಾದದ್ದೇ. ಆದರೆ ಬೆಂಗಳೂರಿನ ಕಷ್ಟ ಇರುವುದು 24 ಗಂಟೆಯಲ್ಲಲ್ಲ. 60 ಮಿಲಿಮೀಟರ್ ಮಳೆ ಒಂದು ಹಗಲು ಒಂದು ರಾತ್ರಿ ಹನಿ ಹನಿಯಾಗಿ ಬಿದ್ದರೆ ನಮ್ಮ ಬೀದಿಯಲ್ಲಿ ಒಂದು ಕೊಡೆ ಸಾಕು. ಅದೇ 60 ಸಂಜೆ ಆರರಿಂದ ಏಳರೊಳಗೆ ಸುರಿದರೆ ಮೋರಿ, ಚರಂಡಿ, ರಾಜಕಾಲುವೆ ಯಾವುದೂ ತಡೆಯಲ್ಲ. ಲೆಕ್ಕದ ಪುಸ್ತಕದಲ್ಲಿ ಅದು 'ಭಾರಿ' ಮಟ್ಟವನ್ನೂ ಮುಟ್ಟಿರುವುದಿಲ್ಲ.

ಇನ್ನೊಂದು ಮಾತು 'ಮೇಘಸ್ಫೋಟ'. ಒಂದು ಗಂಟೆಯಲ್ಲಿ, ಇಪ್ಪತ್ತು ಮೂವತ್ತು ಚದರ ಕಿಲೋಮೀಟರ್ ಜಾಗದಲ್ಲಿ, 100 ಮಿಲಿಮೀಟರ್ ದಾಟಿ ಸುರಿದರೆ ಮಾತ್ರ ಅದು ಮೇಘಸ್ಫೋಟ. ನಾವು ಸಂಜೆ ಜೋರು ಮಳೆ ಬಂದರೆ ಸಾಕು, ಅದೇ ಮಾತು ಹಾಕಿಬಿಡುತ್ತೇವೆ. ದೊಡ್ಡ ಮಾತನ್ನು ಸಣ್ಣದಕ್ಕೆಲ್ಲ ಖರ್ಚು ಮಾಡಿದರೆ ನಿಜವಾಗಿ ದೊಡ್ಡದು ಬಂದ ದಿನ ಕೈಯಲ್ಲಿ ಏನೂ ಉಳಿದಿರಲ್ಲ.

ಗೇಣು, ಮೊಳ, ಮೊಣಕಾಲು

ಆದರೆ ಕನ್ನಡಕ್ಕೆ ಇಂಥ ಮಾತುಗಳೇ ಗತಿ ಅಂತಲ್ಲ. ಆ ರಾತ್ರಿ ಬೀದಿಯಲ್ಲಿ ಕೂಗಾಟ ಶುರುವಾದ ಮೇಲೆ ಯಾರೂ 'ಜಲಾವೃತ' ಅನ್ನಲಿಲ್ಲ. "ಗೇಟ್ ಹತ್ರ ಮೊಣಕಾಲುದ್ದ ಇದೆ, ಆ ಕಡೆ ಬರಬೇಡಿ." "ಕೊನೆ ಮನೇಲಿ ಸೊಂಟದವರೆಗೆ ಬಂದಿದೆ." ಹೀಗೇ ಮಾತು ಓಡಾಡುತ್ತಿದ್ದವು. ಕೇಳಿದ ತಕ್ಷಣ ಎಲ್ಲರಿಗೂ ಅರ್ಥವಾಗುತ್ತಿತ್ತು. ಮಗುವಿಗೂ ಅರ್ಥವಾಗುತ್ತಿತ್ತು. ಮೈಯೇ ಅಳತೆಗೋಲು ಆದಾಗ ವಿವರಿಸಿ ಹೇಳುವ ಕೆಲಸ ಇಲ್ಲ.

ಹರಿಯುವ ನೀರಿನ ಬಗ್ಗೆ ಅಮೆರಿಕದ ಹವಾಮಾನ ಸೇವೆಯವರು ಒಂದು ಲೆಕ್ಕ ಹೇಳುತ್ತಾರೆ. ರಭಸವಾಗಿ ಹರಿಯುವ ನೀರು ಆರು ಇಂಚು ಇದ್ದರೂ ದೊಡ್ಡವರನ್ನು ಬೀಳಿಸಬಹುದು. ಹನ್ನೆರಡು ಇಂಚು ಇದ್ದರೆ ಸಣ್ಣ ಕಾರನ್ನು ಎಳೆದುಕೊಂಡು ಹೋಗಬಹುದು. ಎರಡು ಅಡಿ ಇದ್ದರೆ ಹೆಚ್ಚಿನ ಗಾಡಿಗಳು ನಿಲ್ಲಲ್ಲ. ಇದನ್ನು ಅನುವಾದ ಮಾಡಿ ಅಂದಿದ್ದರೆ ನಾನು ಇಂಚು, ಅಡಿಯನ್ನು ಸೆಂಟಿಮೀಟರ್ ಮಾಡಿ ಕೊಡುತ್ತಿದ್ದೆ. ಈಗ ಬೇರೆ ಥರ ಹೇಳುತ್ತೇನೆ. ನಮ್ಮ ಗೇಣು ಸುಮಾರು ಒಂಬತ್ತು ಇಂಚು. ಒಂದು ಗೇಣೂ ಇಲ್ಲದ ನೀರು, ಹರಿಯುತ್ತಿದ್ದರೆ, ನಿಮ್ಮನ್ನು ಕೆಡವುತ್ತೆ. ಒಂದು ಮೊಳ ಕೂಡ ಇಲ್ಲದ ನೀರು ನಿಮ್ಮ ಕಾರನ್ನು ಎತ್ತುತ್ತೆ. ಕೈಚಾಚಿ ಗೇಣು ಹಾಕಿ ತೋರಿಸಿದೆ, ಅತ್ತೆ ಒಂದು ಕ್ಷಣ ಮಾತಾಡಲಿಲ್ಲ. "ಇಷ್ಟೇನಾ?" ಅಂದರು.

2023ರ ಮೇ 21ರ ಸಂಜೆ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಹೆಣ್ಣುಮಗಳು ಹೋದಳು. ಕೆಲಸ ಮಾಡುತ್ತಿದ್ದ ಹುಡುಗಿ, ಮನೆಯವರ ಜೊತೆ ಊರು ನೋಡೋಕೆ ಹೊರಟಿದ್ದಳು. ವಿಧಾನಸೌಧ ಅಲ್ಲೇ ಕೂಗಳತೆಯಲ್ಲಿದೆ. ಅಂಡರ್‌ಪಾಸಿನಲ್ಲಿ ನಿಂತ ನೀರು ಮೇಲಿನಿಂದ ನೋಡುವವರಿಗೆ ಬರೀ ಒದ್ದೆ ರಸ್ತೆಯ ಹಾಗೆ ಕಾಣುತ್ತೆ. ಆಳ ಎಷ್ಟು ಅಂತ ಹೇಳುವ ಗುರುತು ಗೋಡೆಯ ಮೇಲೆ ಇದ್ದರೆ, ಅದೂ ಕಾರಿನ ಚಿತ್ರ ಬರೆದು, ಇಲ್ಲಿಯವರೆಗೆ ಬಂದರೆ ಇಳಿಯಬೇಡಿ ಅಂತ ಒಂದೇ ಗೆರೆ ಎಳೆದಿದ್ದರೆ ಅಂತ ನಾನು ಯಾವ ಅಂಡರ್‌ಪಾಸ್ ದಾಟುವಾಗಲೂ ಅಂದುಕೊಳ್ಳುತ್ತೇನೆ.

ಒಲೆ ಇನ್ನೂ ಆರಿಲ್ಲ

ಆ ರಾತ್ರಿಯ ಇನ್ನೊಂದು ಸಂಗತಿ ಹೇಳಬೇಕು. ಬೀದಿಯ ಕೊನೆ ಮನೆಯಲ್ಲಿ ಒಬ್ಬ ಅಜ್ಜಿ ಒಬ್ಬರೇ ಇದ್ದಾರೆ. ಮಗ ದುಬೈನಲ್ಲಿ. ಅವರ ಮನೆ ಎಲ್ಲಕ್ಕಿಂತ ಕೆಳಗೆ, ರಾಜಕಾಲುವೆಯ ಪಕ್ಕಕ್ಕೇ ಇದೆ. ಬೀದಿಯ ಹುಡುಗರು ಇಬ್ಬರು ಹೋಗಿ ಕರೆದರೆ ಅಜ್ಜಿ ಬರಲಿಲ್ಲ. ನಾನೂ ಯಜಮಾನರೂ ಹೋದೆವು. ಅಜ್ಜಿ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು. ಕೆಳಗೆ ನೀರಿನಲ್ಲಿ ಸ್ಟೀಲ್ ಲೋಟ ಒಂದು ಮಂಚದ ಕಾಲಿಗೆ ಟಣ್ ಟಣ್ ಅಂತ ಬಡಿಯುತ್ತಿತ್ತು.

"ಅಜ್ಜಿ, ಬನ್ನಿ, ಹೊರಡೋಣ. ಕಲ್ಯಾಣ ಮಂಟಪದಲ್ಲಿ ವ್ಯವಸ್ಥೆ ಮಾಡಿದ್ದಾರಂತೆ" ಅಂದ ಹುಡುಗ.

"ನಾನು ಗಂಜಿ ಕೇಂದ್ರಕ್ಕೆ ಬರಲ್ಲ ಕಣಪ್ಪ. ನಮ್ಮನೆ ಒಲೆ ಇನ್ನೂ ಆರಿಲ್ಲ."

"ಗಂಜಿ ಕೇಂದ್ರ ಅಲ್ಲಜ್ಜಿ, ಈಗ ಅದು ಕಾಳಜಿ ಕೇಂದ್ರ."

"ಹೆಸರು ಏನಾದ್ರೂ ಇಟ್ಕೊಳ್ಳಿ. ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಲ್ಲೋದು ತಾನೆ?"

ನಾನು ಅದಕ್ಕೆ ಏನು ಹೇಳಲಿ? ಸರ್ಕಾರ ಗಂಜಿ ಕೇಂದ್ರ ಅನ್ನುವ ಹೆಸರನ್ನು ಬಿಟ್ಟು ಕಾಳಜಿ ಕೇಂದ್ರ ಅಂತ ಕರೆಯತೊಡಗಿದ್ದು ಒಳ್ಳೆಯ ಕೆಲಸ. ಅನುವಾದದ ಕೆಲಸದಲ್ಲಿ ನಾನು ಕಂಡ ಒಳ್ಳೆಯ ಹೆಸರುಗಳಲ್ಲಿ ಅದೂ ಒಂದು. ಗಂಜಿ ಅಂದರೆ ಬರಗಾಲ, ಗಂಜಿ ಅಂದರೆ ಇಲ್ಲದವರು. ಮರ್ಯಾದೆಯಿಂದ ಬದುಕಿದವರಿಗೆ ಆ ಮಾತು ಚುಚ್ಚುತ್ತೆ. ಆದರೆ ಹಳೆಯ ಮಾತು ಎಂಬತ್ತು ವರ್ಷ ಒಬ್ಬರ ಮನಸ್ಸಿನಲ್ಲಿ ಕೂತಿದ್ದರೆ ಹೊಸ ಬೋರ್ಡು ಹಾಕಿದ ಮಾತ್ರಕ್ಕೆ ಅದು ಎದ್ದು ಹೋಗಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತುಕೊಂಡು ಅದನ್ನು ವಾದ ಮಾಡೋಕೂ ಆಗಲ್ಲ.

ಯಜಮಾನರು ಬೇರೆ ಮಾತು ತೆಗೆದರು. "ಅಜ್ಜಿ, ನಮ್ಮ ಮಗು ತುಂಬಾ ಹೆದರಿಕೊಂಡಿದೆ. ನಾವು ಮಹಡಿ ಮೇಲಿನ ಬಾಡಿಗೆಯವರ ಮನೆಗೆ ಹೋಗ್ತಿದೀವಿ. ಸಾಮಾನು ಎತ್ತಬೇಕು, ಅವಳ ಜೊತೆ ಯಾರೂ ಇಲ್ಲ. ನೀವು ಸ್ವಲ್ಪ ಹೊತ್ತು ಬಂದು ಕೂತ್ಕೋತೀರಾ?"

ಅಜ್ಜಿ ಒಂದು ಮಾತೂ ಆಡಲಿಲ್ಲ. ದಿಂಬಿನ ಕೆಳಗಿನಿಂದ ಮಾತ್ರೆ ಡಬ್ಬಿ ತೆಗೆದರು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿದರು, ಯಜಮಾನರ ಭುಜ ಹಿಡಿದು ನೀರಿಗೆ ಇಳಿದರು. ರಾತ್ರಿಯೆಲ್ಲ ನನ್ನ ಮಗಳು ಅವರ ತೊಡೆಯ ಮೇಲೆ ಮಲಗಿದ್ದಳು.

ಆಪತ್ತು ನಿರ್ವಹಣೆಯ ಪುಸ್ತಕಗಳಲ್ಲಿ 'ಇವ್ಯಾಕ್ಯುಯೇಶನ್' ಅಂತ ಒಂದು ಮಾತು ಇದೆ. ನಾವು 'ಸ್ಥಳಾಂತರ' ಅಂತ ಬರೆಯುತ್ತೇವೆ. ಕಚೇರಿಯನ್ನೂ ಸ್ಥಳಾಂತರ ಮಾಡುತ್ತಾರೆ, ಬಸ್ ಸ್ಟಾಪನ್ನೂ ಸ್ಥಳಾಂತರ ಮಾಡುತ್ತಾರೆ. ಅದು ಸಾಮಾನಿಗೆ ಆಗುವ ಮಾತು. ಮನುಷ್ಯರು ಎದ್ದು ಹೊರಡಬೇಕಾದರೆ ಎಲ್ಲಿಗೆ, ಯಾರ ಮನೆಗೆ, ಯಾರ ಜೊತೆ ಅಂತ ಕೇಳುತ್ತಾರೆ. ಕೇಳಲೇಬೇಕು. ಹಾಗೆಯೇ ಇದಕ್ಕೆ ಎದುರಾದ ಮಾತು 'ಶೆಲ್ಟರ್ ಇನ್ ಪ್ಲೇಸ್', ಇದ್ದಲ್ಲೇ ಇರಿ ಅಂತ. ಹೊರಗೆ ವಿಷಾನಿಲ ಇದ್ದಾಗ ಕಿಟಕಿ ಬಾಗಿಲು ಮುಚ್ಚಿ ಒಳಗಿರಿ ಅನ್ನೋಕೆ ಬಳಸುತ್ತಾರೆ. ರಸ್ತೆಯಲ್ಲಿ ನೀರು ಹರಿಯುವಾಗ ಮೇಲಿನ ಮಹಡಿಯಲ್ಲಿರುವವರಿಗೂ ಎಷ್ಟೋ ಸಲ ಇದೇ ಸರಿ. ಹೊರಡಿ ಅನ್ನುವುದಾ, ಇದ್ದಲ್ಲೇ ಇರಿ ಅನ್ನುವುದಾ, ಎರಡರಲ್ಲಿ ಒಂದನ್ನು ಮೈಕಿನವರು ಬಿಡಿಸಿ ಹೇಳಬೇಕು. 'ಸುರಕ್ಷಿತ ಸ್ಥಳಗಳಿಗೆ ತೆರಳಿ' ಅಂದರೆ ಕೇಳಿದವರು ಮನೆಯೊಳಗೇ ಉಳಿಯುತ್ತಾರೆ. ಯಾಕೆ ಅಂದರೆ ನಮಗೆ ಗೊತ್ತಿರುವ ಸುರಕ್ಷಿತ ಸ್ಥಳ ನಮ್ಮ ಮನೆಯೇ.

ಅಣಕು ಯಾಕೆ, ತಾಲೀಮು ಅನ್ನೋಣ

ನೀರು ಇಳಿದು, ಗೋಡೆಗೆ ಸುಣ್ಣ ಬಳಿದು, ಸೋಫಾ ಬಿಸಾಡಿ ಎಲ್ಲ ಆದ ಮೇಲೆ, ಜನವರಿಯಲ್ಲಿ, ಬೀದಿಯವರೆಲ್ಲ ಸೇರಿ ಒಂದು ಭಾನುವಾರ ಇಟ್ಟುಕೊಂಡೆವು. ಎದುರು ಮನೆ ಅಂಕಲ್ ತಮಗೆ ಗೊತ್ತಿದ್ದ ಒಬ್ಬರನ್ನು ಕರೆಸಿದ್ದರು. ಅಗ್ನಿಶಾಮಕ ದಳದಲ್ಲಿ ಇದ್ದು ನಿವೃತ್ತರಾದವರು. ಗಣಪತಿ ದೇವಸ್ಥಾನದ ಮುಂದಿನ ಬಯಲಿನಲ್ಲಿ ಅವರು ಹಳೆಯ ಟಿನ್ನಿನಲ್ಲಿ ಬಟ್ಟೆ ಚೂರು ಹಾಕಿ ಬೆಂಕಿ ಹಚ್ಚಿದರು. ಒಂದು ಕೆಂಪು ಸಿಲಿಂಡರ್ ನನ್ನ ಕೈಗೆ ಕೊಟ್ಟರು.

ಅದು ಇಷ್ಟು ಭಾರ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಎಷ್ಟೋ ಆಫೀಸಿನ ಗೋಡೆಯಲ್ಲಿ ನೋಡಿದ್ದೇನೆ, ಅದರ ಮೇಲಿನ ಸೂಚನೆ ನಾನೇ ಕನ್ನಡ ಮಾಡಿದ್ದೇನೆ, ಮುಟ್ಟಿರಲಿಲ್ಲ. ಹಿಡಿಯನ್ನು ಗಟ್ಟಿಯಾಗಿ ಹಿಡಿದು ಪಿನ್ ಎಳೆದೆ. ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಬರಲಿಲ್ಲ. ಬೆಂಕಿ ಟಿನ್ನಿನ ಬಾಯಿ ದಾಟಿ ಮೇಲೆ ಬಂತು, ಕೈ ನಡುಗತೊಡಗಿತು. ಅವರು ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಅಮ್ಮ, ಹಿಡಿ ಒತ್ತಬೇಡಿ. ಒತ್ತಿದ್ರೆ ಪಿನ್ ಸಿಕ್ಕಿಕೊಳ್ಳುತ್ತೆ. ಕೆಳಗಿಂದ ಎತ್ಕೊಳ್ಳಿ, ಆಮೇಲೆ ತಿರುಗಿಸಿ ಎಳೀರಿ." ಕೈ ಸಡಿಲ ಬಿಟ್ಟೆ. ಪಿನ್ ಬೆಣ್ಣೆಯ ಹಾಗೆ ಬಂತು.

ಅವರು ಹೇಳಿಕೊಟ್ಟಿದ್ದು ನಾಲ್ಕೇ ಮಾತು. ಕೀಳಿ, ಬುಡಕ್ಕೆ ಹಿಡಿಯಿರಿ, ಒತ್ತಿ, ಗುಡಿಸಿ. ಇಂಗ್ಲಿಷಿನಲ್ಲಿ ಇದಕ್ಕೆ 'ಪಾಸ್' (PASS: Pull, Aim, Squeeze, Sweep) ಅಂತ ನಾಲ್ಕು ಅಕ್ಷರದ ಹೆಸರಿದೆ. ನಾನು ಹಿಂದೆ ಅದರ ಕೊನೆಯ ಮಾತನ್ನು 'ಅಕ್ಕಪಕ್ಕಕ್ಕೆ ಚಲಿಸಿ' ಅಂತ ಅನುವಾದ ಮಾಡಿದ್ದೆ. ಅವರು "ಕಸ ಗುಡಿಸಿದ ಹಾಗೆ" ಅಂದರು. ಅಲ್ಲಿದ್ದ ಹೆಂಗಸರೆಲ್ಲ ಒಂದೇ ಸಲಕ್ಕೆ ಸರಿಯಾಗಿ ಮಾಡಿದರು. ಸಿಲಿಂಡರ್ ಖಾಲಿಯಾಗೋಕೆ ಹತ್ತಿಪ್ಪತ್ತು ಸೆಕೆಂಡ್ ಸಾಕು. ಅಷ್ಟರಲ್ಲಿ ಆರದಿದ್ದರೆ ಅದು ನಿಮ್ಮ ಕೈಯಲ್ಲಿ ಆರುವ ಬೆಂಕಿ ಅಲ್ಲ, ಬಾಗಿಲು ಎಳೆದುಕೊಂಡು ಹೊರಗೆ ಓಡಿ, 112ಕ್ಕೋ 101ಕ್ಕೋ ಫೋನ್ ಮಾಡಿ ಅಂದರು. ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್ಟನ್ ಟವರ್ಸ್ ಬೆಂಕಿಯ ಮಾತು ಬಂತು. 2010ರ ಫೆಬ್ರವರಿ 23, ಒಂಬತ್ತು ಜನ ತೀರಿಹೋದರು. ಕಟ್ಟಡದೊಳಗೆಲ್ಲ ಹೊಗೆ ತುಂಬಿ, ಉಸಿರಿಗಾಗಿ ಕಿಟಕಿ ಒಡೆದು ಜನ ಕೆಳಗೆ ಹಾರಿದ್ದನ್ನು ಈ ಊರು ಟಿವಿಯಲ್ಲಿ ನೋಡಿದೆ. "ಬೆಂಕಿ ಅಂತೀವಿ, ಜಾಸ್ತಿ ಜನರನ್ನ ಕೊಲ್ಲೋದು ಹೊಗೆ. ಹೊಗೆ ಕಂಡರೆ ಬಗ್ಗಿ, ನೆಲ ಹಿಡ್ಕೊಂಡು ಹೋಗಿ" ಅಂದರು. ನಮ್ಮ ಮಕ್ಕಳು ಬಯಲಿನಲ್ಲಿ ನಾಲ್ಕು ಕಾಲಿನಲ್ಲಿ ಹರಿದು ಅಭ್ಯಾಸ ಮಾಡಿದರು.

ಇಂಥದ್ದಕ್ಕೆ ಮಾಕ್ ಡ್ರಿಲ್ ಅನ್ನುತ್ತಾರೆ. 2025ರ ಮೇ 7ರಂದು ದೇಶದಲ್ಲೆಲ್ಲ ಸೈರನ್ ಹಾಕಿ ಮಾಡಿದಾಗ ಆ ಮಾತು ಎಲ್ಲರ ಬಾಯಿಗೂ ಬಂತು. ಪತ್ರಿಕೆಗಳು ಅದನ್ನು 'ಅಣಕು ಕಾರ್ಯಾಚರಣೆ' ಅಂತ ಬರೆಯುತ್ತವೆ. ಈ ಮಾತು ಓದಿದಾಗೆಲ್ಲ ನನಗೆ ಸಂಕಟ ಆಗುತ್ತೆ. ಅಣಕ ಅಂದರೆ ಕನ್ನಡದಲ್ಲಿ ಗೇಲಿ. ಅಣಕಿಸಬೇಡ ಅಂತ ಮಕ್ಕಳಿಗೆ ಬೈಯುತ್ತೇವೆ. ಇಂಗ್ಲಿಷಿನ 'ಮಾಕ್'ಗೆ ಇರುವ ಇನ್ನೊಂದು ಅರ್ಥವನ್ನು ತಂದು ಇಲ್ಲಿ ಅಂಟಿಸಿದ್ದೇವೆ. ಜೀವ ಉಳಿಸುವ ಅಭ್ಯಾಸಕ್ಕೆ ಗೇಲಿಯ ಹೆಸರಿಟ್ಟರೆ ಜನ ನಗುತ್ತಾ ನಿಂತು ನೋಡುತ್ತಾರೆ, ಅಷ್ಟೇ.

ನಮ್ಮಲ್ಲಿ ತಾಲೀಮು ಅಂತ ಎಂಥ ಗಟ್ಟಿ ಮಾತು ಇದೆ! ಗರಡಿಯಲ್ಲಿ ತಾಲೀಮು, ನಾಟಕಕ್ಕೆ ತಾಲೀಮು, ದಸರಾ ಆನೆಗಳಿಗೆ ತಾಲೀಮು. ಮೈಸೂರಿನಲ್ಲಿ ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಆನೆ, ಕುದುರೆ ಬೆಚ್ಚಬಾರದು ಅಂತ ಮುಂಚೆಯೇ ಅವುಗಳ ಎದುರು ಸಿಡಿಮದ್ದು ಹಾರಿಸಿ ಅಭ್ಯಾಸ ಮಾಡಿಸುತ್ತಾರೆ. ಅಂಬಾರಿ ಹೊರಿಸುವ ಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. ಆ ದಿನದ ಸದ್ದು, ಆ ದಿನದ ಭಾರ ಎರಡನ್ನೂ ಮೈಗೆ ಮೊದಲೇ ಪರಿಚಯ ಮಾಡಿಸುವುದು. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಎಲ್ಲರ ಫೋನೂ ಒಟ್ಟಿಗೆ ಒಂದು ವಿಚಿತ್ರ ಸದ್ದಿನಲ್ಲಿ ಕೂಗಿಕೊಂಡಿದ್ದು ನೆನಪಿದೆಯಾ? ತುರ್ತು ಸಂದೇಶದ ಪರೀಕ್ಷೆ ಅದು. ನನ್ನ ಪಕ್ಕದವರು ಹೆದರಿ ಫೋನ್ ಸ್ವಿಚ್ ಆಫ್ ಮಾಡಿದರು. ಅವರನ್ನು ಬೈಯೋಕೆ ಆಗಲ್ಲ. ಆ ಸದ್ದನ್ನು ನಾವು ಅದೇ ಮೊದಲು ಕೇಳಿದ್ದು.

ಚೀಲ

ಆಮೇಲೆ ನಾನು ಈ ವಿಷಯದ ವಿಡಿಯೋಗಳನ್ನು ತುಂಬಾ ನೋಡಿದೆ. ಬಗ್ ಔಟ್ ಬ್ಯಾಗ್, ಗೋ ಬ್ಯಾಗ್, 72 ಗಂಟೆಯ ಕಿಟ್, ಹೀಗೆ ಹೆಸರುಗಳು. ಅದರಲ್ಲಿ ಜಾಸ್ತಿ ಕಾಡಿನಲ್ಲಿ ಬದುಕುವವರಿಗೆ ಹೇಳಿದ್ದು: ಚಾಕು, ಹಗ್ಗ, ಬೆಂಕಿ ಹೊತ್ತಿಸುವ ಕಲ್ಲು. ಅದು ನಮಗೆ ಬೇಕಿಲ್ಲ. ಆದರೆ 'ಮೂರರ ನಿಯಮ' ಅಂತ ಹೇಳುತ್ತಾರಲ್ಲ, ಅದು ಮನಸ್ಸಿಗೆ ಹತ್ತಿತು. ಗಾಳಿ ಇಲ್ಲದೆ ಮೂರು ನಿಮಿಷ, ಕೊರೆಯುವ ಚಳಿಯಲ್ಲೋ ಸುಡುವ ಬಿಸಿಲಲ್ಲೋ ಆಸರೆ ಇಲ್ಲದೆ ಮೂರು ಗಂಟೆ, ನೀರಿಲ್ಲದೆ ಮೂರು ದಿನ, ಊಟವಿಲ್ಲದೆ ಮೂರು ವಾರ. ಗಡಿಯಾರ ಇಟ್ಟು ಅಳೆಯುವ ಲೆಕ್ಕ ಅಲ್ಲ ಅದು. ಯಾವುದು ಮೊದಲು, ಯಾವುದು ಆಮೇಲೆ ಅಂತ ನೆನಪಿಡೋಕೆ. ನಾನು ಆ ರಾತ್ರಿ ಮೊದಲು ಎತ್ತಿದ್ದು ಅಕ್ಕಿ ಡಬ್ಬ. ಕುಡಿಯುವ ನೀರಿನ ಕ್ಯಾನ್ ನೆಲದ ಮೇಲೇ ಇತ್ತು, ಅದರ ಮುಚ್ಚಳದವರೆಗೆ ಕೊಳಕು ನೀರು ಬಂತು. ಬೆಳಗ್ಗೆ ಅಕ್ಕಿ ಇತ್ತು, ಬೇಯಿಸೋಕೆ ನೀರಿರಲಿಲ್ಲ.

ಒಬ್ಬರಿಗೆ ದಿನಕ್ಕೆ ಸುಮಾರು ನಾಲ್ಕು ಲೀಟರ್ ಅಂತ ಹೇಳುತ್ತಾರೆ, ಕುಡಿಯೋಕೆ ಮತ್ತು ತೀರಾ ಬೇಕಾದ್ದಕ್ಕೆ. ನಾವು ನಾಲ್ಕು ಜನ, ಮೂರು ದಿನ. 48 ಲೀಟರ್. ಬೆಂಗಳೂರಿನವರಿಗೆ ಇದನ್ನು ಕ್ಯಾನಿನ ಲೆಕ್ಕದಲ್ಲಿ ಹೇಳಿದರೆ ಸಾಕು: 20 ಲೀಟರಿನ ಕ್ಯಾನು ಎರಡು ಸಾಲದು, ಮೂರು ಬೇಕು. ಅವು ಈಗ ನಮ್ಮ ಮನೆಯಲ್ಲಿ ಅಟ್ಟದ ಕೆಳಗಿನ ಎತ್ತರದ ಕಟ್ಟೆಯ ಮೇಲೆ ಇವೆ. ಯುಪಿಎಸ್ ಕೂಡ ಗೋಡೆಗೆ ಕಬ್ಬಿಣದ ಸ್ಟ್ಯಾಂಡ್ ಹೊಡೆಸಿ ಎದೆಮಟ್ಟಕ್ಕೆ ಏರಿದೆ. ಮೇನ್ ಸ್ವಿಚ್ ಪಕ್ಕ ಮಗಳು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾಳೆ: 'ಇದು ಆದ್ಮೇಲೆ ಯುಪಿಎಸ್ಸೂ ಆಫ್ ಮಾಡಿ'. ಕೆಳಗೆ ಬೆಸ್ಕಾಂ ನಂಬರು, 1912.

ಬಾಗಿಲ ಹಿಂದಿನ ಮೊಳೆಗೆ ಒಂದು ಬಟ್ಟೆ ಚೀಲ ನೇತುಹಾಕಿದ್ದೇವೆ. ಯಾವುದೋ ಮದುವೆಯಲ್ಲಿ ತಾಂಬೂಲಕ್ಕೆ ಕೊಟ್ಟಿದ್ದು, ಗಟ್ಟಿಯಾಗಿದೆ. ಒಳಗೆ ಜಿಪ್ ಕವರಿನಲ್ಲಿ ಆಧಾರ್, ಮನೆ ಪತ್ರದ ಜೆರಾಕ್ಸ್, ಅತ್ತೆಯ ಬಿಪಿ ಮಾತ್ರೆ ಒಂದು ವಾರಕ್ಕೆ, ಟಾರ್ಚು, ಪವರ್ ಬ್ಯಾಂಕು, ಸ್ವಲ್ಪ ಚಿಲ್ಲರೆ ನೋಟು, ಮಗಳ ಒಂದು ಜೊತೆ ಬಟ್ಟೆ. ಫೋನ್ ಸತ್ತರೆ ಯಾರ ನಂಬರೂ ನೆನಪಿರಲ್ಲ ಅಂತ ಒಂದು ಚೀಟಿಯಲ್ಲಿ ಹತ್ತು ನಂಬರ್ ಬರೆದಿಟ್ಟಿದ್ದೇವೆ. ಇದಕ್ಕೆ ಏನು ಹೆಸರಿಡೋಣ ಅಂತ ನಾನು 'ತುರ್ತು ಚೀಲ', 'ಆಪತ್ತಿನ ಗಂಟು' ಅಂತೆಲ್ಲ ಯೋಚಿಸುತ್ತಿದ್ದೆ. ಅತ್ತೆ ಮೊದಲ ದಿನದಿಂದ 'ಚೀಲ' ಅಂತಲೇ ಕರೆದರು. ಅದೇ ನಿಂತಿತು.

ವಿಮಾನದವರು ಅಪಾಯದಲ್ಲಿ ಸಹಾಯಕ್ಕೆ ಕೂಗುವ 'ಮೇಡೇ' ಅನ್ನುವ ಮಾತಿನ ಕಥೆ ಓದಿದಾಗ ನನಗೆ ಇದು ಇನ್ನೂ ಸರಿ ಅನ್ನಿಸಿತು. 1920ರ ದಶಕದ ಆರಂಭದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ರೇಡಿಯೋ ಅಧಿಕಾರಿಯಾಗಿದ್ದ ಫ್ರೆಡ್ರಿಕ್ ಮಾಕ್‌ಫೋರ್ಡ್ ಹುಡುಕಿದ ಮಾತು ಅದು. ಅಲ್ಲಿಂದ ಪ್ಯಾರಿಸ್ಸಿಗೆ ಓಡಾಡುವ ವಿಮಾನಗಳೇ ಜಾಸ್ತಿ ಇದ್ದದ್ದರಿಂದ, ನನಗೆ ಸಹಾಯ ಮಾಡಿ ಅನ್ನುವ ಫ್ರೆಂಚ್ ಮಾತಿನ ಉಚ್ಚಾರವನ್ನೇ ಹಿಡಿದರು. ಮೂರು ಸಲ ಹೇಳಬೇಕು ಅಂತ ನಿಯಮ, ಬೇರೆ ಮಾತಿನ ಜೊತೆ ಕಲಸಿಹೋಗದ ಹಾಗೆ. ನಮ್ಮ 'ಅಯ್ಯೋ' ಹಾಲು ಉಕ್ಕಿದರೂ ಬರುತ್ತೆ, ಕರೆಂಟು ಹೋದರೂ ಬರುತ್ತೆ. ಅದನ್ನು ಕೇಳಿ ಯಾರೂ ಓಡಿ ಬರಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಯಾರಾದರೂ "ಚೀಲ, ಚೀಲ, ಚೀಲ" ಅಂತ ಮೂರು ಸಲ ಅಂದರೆ ಯಾಕೆ ಅಂತ ಕೇಳುವ ಹಾಗಿಲ್ಲ. ಅತ್ತೆಯ ಕೈ ಮಗಳು ಹಿಡಿಯಬೇಕು, ಚೀಲ ನಾನು, ಮೇನ್ ಮತ್ತು ಯುಪಿಎಸ್ ಯಜಮಾನರು, ಮಹಡಿ ಮೆಟ್ಟಿಲಲ್ಲಿ ಸೇರುವುದು. ಎರಡು ಸಲ ತಾಲೀಮು ಮಾಡಿದ್ದೇವೆ.

ಬೀದಿಯವರು ಸೇರಿ ಇನ್ನೊಂದು ಕೆಲಸ ಮಾಡಿದೆವು. 'ತಗ್ಗು' ಯಾವುದು ಅಂತ ತೀರ್ಮಾನ ಮಾಡೋಕೆ ಯಾರಿಂದಲೂ ಆಗಲಿಲ್ಲ, ಎಲ್ಲರಿಗೂ ಪಕ್ಕದ ಮನೆಯೇ ತಗ್ಗು. ಆದರೆ ಬೀದಿಯ ಮಧ್ಯದಲ್ಲಿ ನಂದಿನಿ ಹಾಲಿನ ಬೂತ್ ಇದೆ, ಅದಕ್ಕೆ ಮೂರು ಮೆಟ್ಟಿಲು. ಎಲ್ಲರೂ ದಿನಾ ಹತ್ತಿ ಇಳಿಯುವ ಮೆಟ್ಟಿಲು. ನೀರು ಮೊದಲ ಮೆಟ್ಟಿಲು ಮುಟ್ಟಿದರೆ ಗಾಡಿ ತೆಗೆಯುವುದು, ನೆಲದ ಸಾಮಾನು ಮೇಲಿಡುವುದು. ಎರಡನೇ ಮೆಟ್ಟಿಲು ಮುಟ್ಟಿದರೆ ಕೆಳಮನೆಯವರೆಲ್ಲ ಮಹಡಿಗೆ. ಯಾರು ಯಾರ ಮಹಡಿಗೆ ಅನ್ನುವುದೂ ಬರೆದಿಟ್ಟಿದ್ದೇವೆ. ಕೊನೆ ಮನೆ ಅಜ್ಜಿ ನಮ್ಮ ಕಡೆಗೆ.

2025ರ ಮೇನಲ್ಲಿ ಮತ್ತೆ ಅಂಥದ್ದೇ ಮಳೆ ಬಂತು. ಹೊರಮಾವು ಕಡೆ ಸಾಯಿ ಲೇಔಟ್ ಮುಳುಗಿದ ವಾರ. ರಾತ್ರಿ ಎಂಟೂಕಾಲಿಗೆ ನನ್ನ ಫೋನ್ ಬಡಿದುಕೊಂಡಿತು. ಅಜ್ಜಿ.

"ಎಲ್ಲಿಗೆ ಬಂತಮ್ಮ ನೀರು?"

ಬಾಲ್ಕನಿಗೆ ಹೋಗಿ ಟಾರ್ಚ್ ಬಿಟ್ಟು ನೋಡಿದೆ. "ಒಂದನೇ ಮೆಟ್ಟಿಲು ಮುಟ್ಟಿದೆ ಅಜ್ಜಿ. ಎರಡಕ್ಕೆ ಇನ್ನೂ ಬಂದಿಲ್ಲ."

"ಹಂಗಾದ್ರೆ ಊಟ ಮುಗಿಸ್ತೀನಿ. ಮೊಸರನ್ನ ಕಲಸಿಟ್ಟಿದೀನಿ, ಪುಟ್ಟಿಗೂ ಸ್ವಲ್ಪ ಡಬ್ಬೀಲಿ ಹಾಕ್ಕೋತೀನಿ. ಚೀಲ ಬಾಗಿಲ ಹತ್ರಾನೇ ಇದೆ. ಎರಡಾದ್ರೆ ಕೂಗು."